ಹದ್ದಿನ ಕೆಳಗಿನ ಅಕ್ಷರಗಳು

ಜರ್ಮನಿಯ ವೆಟ್ಸ್‌ಲಾರ್ ಊರಿನ ಲೈಟ್ಸ್ ಕಾರ್ಖಾನೆಯಲ್ಲಿದ್ದ ಆಸ್ಕರ್ ಬಾರ್ನಾಕ್ ಸಿನಿಮಾ ಫಿಲ್ಮು ಹಾಕುವ ಪುಟ್ಟ ಕ್ಯಾಮೆರಾ ಒಂದನ್ನು ರೂಪಿಸಿದ. ‘ಲೈಕಾ’ ಎಂಬ ಹೆಸರಿನಲ್ಲಿ ಅದು 1925ರಲ್ಲಿ ಪೇಟೆಗೆ ಬಂತು. 1932ರ ಮಾದರಿಗೆ ರೇಂಜ್‌ಫೈಂಡರ್ ಕೂಡಿ, ದೂರವನ್ನು ಅಂದಾಜಿನಲ್ಲಿ ಹೇಳುವ ಕಷ್ಟ ತಪ್ಪಿತು. ಒಳ್ಳೆಯ ಸರಕಿಗೆ ನಕಲು ಹುಟ್ಟದೆ ಇದ್ದೀತೇ? ಆದರೆ ನಕಲಿನಲ್ಲೂ ಎರಡು ಜಾತಿಯುಂಟು: ತನ್ನದೇ ಹೆಸರು ಹೊತ್ತದ್ದು ಒಂದು, ಪರರ ಹೆಸರು ಕದ್ದದ್ದು ಇನ್ನೊಂದು. ಎರಡೂ ಒಂದೇ ಮೈಯಲ್ಲಿ ಸೇರಿದ್ದನ್ನು ನಾನು ಕಂಡದ್ದು ಗೆಳೆಯರೊಬ್ಬರ ಮನೆಯಲ್ಲಿ.

ಅವರ ದೊಡ್ಡಪ್ಪ ಮಾಸ್ಕೋದ ಸಂತೆಯಲ್ಲಿ ಕೊಂಡದ್ದಂತೆ. ಮೈಗೆ ಚಿನ್ನದ ಬಣ್ಣ, ನೆತ್ತಿಯ ಮೇಲೆ ‘ಲೈಕಾ’, ಪಕ್ಕದಲ್ಲಿ ಹಿಟ್ಲರನ ವಾಯುಪಡೆಯ ಹದ್ದು. “ಇದನ್ನು ಮಾರಿದರೆ ಮಗಳ ಓದಿನ ಸಾಲ ತೀರುತ್ತೆ ಅಂತಾರಲ್ಲ ಸಾರ್, ನಿಜವೇ?” ಎಂದು ಕೇಳಿದರು. ಉತ್ತರ ಕ್ಯಾಮೆರಾವೇ ಹೇಳಲಿ ಎಂದು ಲೆನ್ಸನ್ನು ತಿರುಗಿಸಿ ಬಿಚ್ಚಿದೆ.

ಲೆನ್ಸಿನ ಬೆನ್ನಿಗೆ ಒರಗಿಕೊಂಡು, ಅದು ಸರಿದಂತೆ ತಾನೂ ಸರಿಯುವ ಪುಟ್ಟ ತೋಳೊಂದು ಒಳಗಿರುತ್ತದೆ. ರೇಂಜ್‌ಫೈಂಡರಿಗೆ ದೂರದ ಸುದ್ದಿ ಮುಟ್ಟಿಸುವುದು ಅದೇ. ಲೈಕಾದಲ್ಲಿ ಆ ತೋಳಿನ ತುದಿಗೆ ಉರುಳುವ ಚಕ್ರ. ಇಲ್ಲಿದ್ದದ್ದು ಹಕ್ಕಿಯ ಕೊಕ್ಕಿನಂಥ ತುಂಡು, ಸೋವಿಯತ್ ಕ್ಯಾಮೆರಾದ ಗುರುತು. ಲೆನ್ಸಿನ ಮೇಲೆ ‘ಎಲ್ಮಾರ್’ ಎಂದಿತ್ತು. ಅಸಲು ಎಲ್ಮಾರಿನಲ್ಲಿ ಬೆಳಕಿನ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಎಲೆಗಳು ಮೊದಲನೆಯ ಗಾಜಿನ ಹಿಂದೆಯೇ ಇರುತ್ತವೆ. ಇದರಲ್ಲಿ ಎರಡನೆಯದರ ಹಿಂದಿದ್ದವು. ಸಾಲ ತೀರದು ಎಂದು ಹೇಳಲೇಬೇಕಾಯಿತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಇದು ಯಾರದು?” ಎಂದರು.

ಸರಿಯಾದ ಪ್ರಶ್ನೆ. ನೆತ್ತಿಯನ್ನು ಕಿಟಕಿಯ ಓರೆ ಬೆಳಕಿಗೆ ಹಿಡಿದಾಗ ಉಜ್ಜಿ ಅಳಿಸಿದ ರಷ್ಯನ್ ಅಕ್ಷರಗಳು ಮಸುಕಾಗಿ ಕಂಡವು: ‘ಫೆಡ್’, ಕೆಳಗೆ ‘ಖಾರ್ಕೊವ್’. ಇಂದಿನ ಯುಕ್ರೇನಿನ ಖಾರ್ಕಿವ್ ಅದು. ಅಲ್ಲಿ 1927ರಲ್ಲಿ, ಕ್ರಾಂತಿ ಮತ್ತು ಅಂತರ್ಯುದ್ಧದಲ್ಲಿ ಮನೆಮಠ ಕಳೆದುಕೊಂಡು ಬೀದಿಪಾಲಾದ ಮಕ್ಕಳಿಗಾಗಿ ಒಂದು ದುಡಿಮೆಯ ಸಮುದಾಯ ತೆರೆಯಿತು. ಅದನ್ನು ನಡೆಸಿದವರು ಶಿಕ್ಷಣತಜ್ಞ ಆಂಟನ್ ಮಕರೆಂಕೊ. ಮಕ್ಕಳು ಮೊದಲು ವಿದ್ಯುತ್ ಡ್ರಿಲ್ಲು ಮಾಡಿದರು. 1934ರಿಂದ ಲೈಕಾವನ್ನು ಬಿಚ್ಚಿ ನೋಡಿ ಅದರಂಥದೇ ಕ್ಯಾಮೆರಾಗಳನ್ನು ಸಾಲುಸಾಲಾಗಿ ತಯಾರಿಸಿದರು. ಫೆಡ್ ಎಂಬುದು ಫೆಲಿಕ್ಸ್ ಎಡ್ಮುಂಡೊವಿಚ್ ಜೆರ್ಜಿನ್‌ಸ್ಕಿಯ ಹೆಸರಿನ ಮೊದಲಕ್ಷರಗಳು. ಆತ ಸೋವಿಯತ್ ಗುಪ್ತ ಪೊಲೀಸ್ ಪಡೆಯ ಸ್ಥಾಪಕ! ಅನಾಥ ಮಕ್ಕಳ ಕೈಕೆಲಸಕ್ಕೆ ಇಂಥ ಹೆಸರೇ ಬೇಕಿತ್ತೇ ಎಂದು ನನಗೆ ಈಗಲೂ ಅನಿಸುತ್ತದೆ. ಆದರೂ ಅದು ಕದ್ದ ಹೆಸರಲ್ಲ.

ಹದ್ದು ಕೂತದ್ದು ಬಹಳ ತಡವಾಗಿ. ಫೆಡ್ ಮತ್ತು ಅದರ ತಮ್ಮನಂತಿದ್ದ ‘ಜೋರ್ಕಿ’ ಲಕ್ಷಗಟ್ಟಲೆ ತಯಾರಾಗಿ ಅಗ್ಗವಾಗಿ ಸಿಗುತ್ತಿದ್ದವು. ಸೋವಿಯತ್ ಒಕ್ಕೂಟ 1991ರಲ್ಲಿ ಒಡೆದ ಮೇಲೆ ಅವುಗಳ ಹೆಸರು ಉಜ್ಜಿ, ಚಿನ್ನದ ಬಣ್ಣ ಕೊಟ್ಟು, ಹಿಟ್ಲರನ ಕಾಲದ ಲೈಕಾ ಎಂದು ಪ್ರವಾಸಿಗಳಿಗೆ ಮಾರುವ ದಂಧೆ ಜೋರಾಯಿತು. ಹದ್ದನ್ನು ಕೊರೆದವನಿಗೆ ಖಾರ್ಕೊವ್‌ನ ಕಥೆ ನೆನಪಿತ್ತೋ ಇಲ್ಲವೋ. 1941ರ ಅಕ್ಟೋಬರಿನಲ್ಲಿ ಜರ್ಮನ್ ಸೇನೆ ಆ ಊರನ್ನು ಹಿಡಿಯಿತು. ಕ್ಯಾಮೆರಾ ಕಾರ್ಖಾನೆಯನ್ನು ಸೈಬೀರಿಯಕ್ಕೆ ಸಾಗಿಸಬೇಕಾಯಿತು. ಊರು ಕೊನೆಗೂ ಬಿಡುಗಡೆಯಾದದ್ದು 1943ರ ಆಗಸ್ಟಿನಲ್ಲಿ.