ಹಾಳೂರುಗಳ ದೆವ್ವ

ಕಡೂರಿನ ಬಯಲಿನಿಂದ ಅಜ್ಜಂಪುರದ ಎರೆಹೊಲಗಳವರೆಗೆ, ಅಲ್ಲಿಂದ ತರೀಕೆರೆಯ ಕಾಡಂಚಿನವರೆಗೆ, ಕಂದಾಯದ ದಫ್ತರಿನಲ್ಲಿ ಬೇಚಿರಾಕ್ ಎಂದು ದಾಖಲಾಗಿ ಜನರ ಬಾಯಲ್ಲಿ ಹಾಳೂರೆನಿಸಿಕೊಂಡ ಗ್ರಾಮಗಳು ಅಲ್ಲಲ್ಲಿ ಬಿದ್ದಿವೆ. ಕರಗಿ ದಿಣ್ಣೆಯಾದ ಮಣ್ಣಿನ ಗೋಡೆ, ಅರ್ಧ ಹೂತ ಒರಳುಕಲ್ಲು, ಹುಣಿಸೆಯ ಬುಡದಲ್ಲಿ ಮುಕ್ಕಾದ ಆಂಜನೇಯ, ನಿಧಿಯಾಸೆಯಿಂದ ಯಾರೋ ತೋಡಿದ ಗುಂಡಿ, ಇಷ್ಟೇ ಉಳಿದುದು. ಹಗಲೆಲ್ಲ ಅಲ್ಲಿ ನಿರ್ಭಯವಾಗಿ ಉಳುವ ನೆರೆಯೂರಿನ ಒಕ್ಕಲು ಹೊತ್ತು ಮುಳುಗುವ ಮುನ್ನವೇ ನೇಗಿಲು ಬಿಚ್ಚುವನು. ಹಾಳೂರಿನಲ್ಲಿ ರಾತ್ರಿ ತಂಗಿದವನನ್ನು ದೆವ್ವ ಹಿಡಿಯದೆ ಬಿಡದೆಂಬುದು ಅವನ ಅಜ್ಜನ ಕಾಲದ ಮಾತು.

ಈ ಮಾತನ್ನು ಮೌಢ್ಯವೆಂದು ತಳ್ಳಿಹಾಕಲು ನನಗೆ ಮನಸ್ಸೊಪ್ಪದು. ಪಾಳೆಯಗಾರರ ಕಾಲದ ಕಲಹಗಳಿಗೂ, 1830-31ರ ನಗರದ ದಂಗೆಗೂ, 1834ರಲ್ಲಿ ಗಲ್ಲಿಗೇರಿದ ತರೀಕೆರೆಯ ಸರ್ಜಾ ಹನುಮಪ್ಪನಾಯಕನ ಅಂತ್ಯಕ್ಕೂ ಚರಿತ್ರೆಯಲ್ಲಿ ಸ್ಥಾನ ದೊರೆತಿದೆ. ಹಟ್ಟಿಗಳಲ್ಲಿ ಹೆಸರಿಲ್ಲದೆ ಸತ್ತವರಿಗೆ ದೊರೆತದ್ದು ಕಥೆಯೊಂದೇ. ಧಾತು ಈಶ್ವರ ಸಂವತ್ಸರಗಳ ಕ್ಷಾಮವನ್ನು ನೆನೆಯಬೇಕು: 1871ರ ಖಾನೇಷುಮಾರಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ 42 ಲಕ್ಷಕ್ಕೆ ಇಳಿದಿತ್ತು. ತರುವಾಯ, ಪುಣೆಯ ಕಡೆಗೆ ಹೋಗುವ ರೈಲುಹಾದಿ ಕಡೂರು, ಬೀರೂರು, ಅಜ್ಜಂಪುರಗಳನ್ನು ಹಾದು ಪೂರ್ಣಗೊಂಡ ದಶಕವೊಂದು ತುಂಬುವುದರೊಳಗಾಗಿ, 1898ರಲ್ಲಿ, ಹುಬ್ಬಳ್ಳಿಯ ಪ್ಲೇಗು ಆ ಹಾದಿಯಲ್ಲೇ ಬೆಂಗಳೂರನ್ನು ಮುಟ್ಟಿತು. ಇಲಿ ಬಿದ್ದಿತೆಂದೊಡನೆ ಊರಿಗೆ ಊರೇ ಹೊಲದ ಗುಡಿಸಲುಗಳಿಗೆ ಹೊರಟುಹೋಗುತ್ತಿದ್ದ ಆ ವರ್ಷಗಳಲ್ಲಿ, ಬಾಗಿಲು ತೆರೆದು ಬಿದ್ದ ಮನೆಗಳ ಬೀದಿಯನ್ನು ಕಂಡ ಮಕ್ಕಳು ಮುಂದೆ ಅಜ್ಜಿಯರಾಗಿ ದೆವ್ವದ ಕಥೆ ಹೇಳಿದುದರಲ್ಲಿ ಆಶ್ಚರ್ಯವೇನು?

ಹಾಳುಬಿದ್ದ ಹಗೇವುಗಳದು ಇನ್ನೊಂದು ಬಗೆಯ ಭಯ. ಬಯಲುಸೀಮೆಯವರು ನೆಲದಡಿ ತೋಡಿ ರಾಗಿ ತುಂಬಿ ಬಾಯಿ ಮುಚ್ಚುತ್ತಿದ್ದ ಈ ಕಣಜಗಳಲ್ಲಿ ಧಾನ್ಯ ಉಸಿರಾಡಿ ಇಂಗಾಲಾಮ್ಲ ವಾಯು ತುಂಬಿಕೊಳ್ಳುವುದು. ಇಳಿದವನು ಮೈಮೇಲೆ ಗಾಯವಿಲ್ಲದೆ, ಕೂಗಲೂ ಆಗದೆ, ಅಲ್ಲಿಯೇ ಒರಗುವನು. ತಿಳಿದವರು ಮೊದಲು ಹಗ್ಗಕ್ಕೆ ಕಟ್ಟಿದ ದೀಪವನ್ನು ಇಳಿಬಿಟ್ಟು, ಅದು ಆರಿದರೆ ಹಿಂಜರಿಯುತ್ತಿದ್ದರು. ನಿಧಿ ಅಗೆಯಬಂದವನಿಗೆ ಆ ತಿಳಿವಳಿಕೆ ಎಲ್ಲಿಯದು?

ಆದರೆ ತರೀಕೆರೆಯ ಕಡೆ, ಲಿಂಗದಹಳ್ಳಿ ಲಕ್ಕವಳ್ಳಿಗಳ ಸುತ್ತಣ ಕಾಡಂಚಿನಲ್ಲಿ, ಊರುಗಳನ್ನು ಮುಖ್ಯವಾಗಿ ನುಂಗಿದುದು ಚಳಿಜ್ವರವೆಂದು ನಾನು ತಿಳಿದಿದ್ದೇನೆ. ಮಳೆಗಾಲ ಕಳೆದು ತೊರೆಗಳು ತಿಳಿಯಾಗಿ ಮೆಲ್ಲನೆ ಹರಿಯತೊಡಗಿದಾಗ ಅವುಗಳ ಹುಲ್ಲಂಚಿನಲ್ಲಿ ಹುಟ್ಟುವ ಅನಾಫಿಲಿಸ್ ಸೊಳ್ಳೆ ಕಚ್ಚುವುದು ರಾತ್ರಿಯಲ್ಲಿ. ಒಂದು ದಿನ ಬಿಟ್ಟು ಒಂದು ದಿನ, ಹೆಚ್ಚುಕಡಿಮೆ ಅದೇ ಹೊತ್ತಿಗೆ ಬಂದು ಗಡಗಡನೆ ನಡುಗಿಸಿ, ಸುಡುವ ಮೈಯಲ್ಲಿ ಬಡಬಡಿಸುವಂತೆ ಮಾಡಿ, ಬೆವರಿಳಿಸಿ ಬಿಟ್ಟುಹೋಗುವ ಈ ವ್ಯಾಧಿಯನ್ನು, ಜ್ವರಗಡ್ಡೆ ಬೆಳೆದು ಹೊಟ್ಟೆ ಮುಂದಾದ ಮಕ್ಕಳನ್ನು ನಿತ್ಯ ಕಾಣುತ್ತಿದ್ದವರು, ಬಂದು ಹೋಗುವ ದೆವ್ವವೆಂದು ಕರೆದರೆ ಅವರ ನಿರೀಕ್ಷಣೆಯಲ್ಲಿ ದೋಷವಿರಲಿಲ್ಲ. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಸೊಳ್ಳೆಯ ಒಡಲಲ್ಲಿ ಜ್ವರಾಣುವನ್ನು ಕಾಣುವುದಕ್ಕೆ ಬಹು ಮುಂಚೆಯೇ, ತೊರೆಯಂಚಿನ ಹಾಳೂರಿನಲ್ಲಿ ರಾತ್ರಿ ಮಲಗಬಾರದೆಂಬ ಸರಿಯಾದ ನಿಯಮವನ್ನು ಅವರು ಕಂಡುಕೊಂಡಿದ್ದರು.

ಎರಡನೆಯ ಮಹಾಯುದ್ಧದ ತರುವಾಯ ಮನೆಯ ಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸಲಾರಂಭಿಸಿದ ಮೇಲೆ ಜ್ವರದ ಹಾವಳಿ ತಗ್ಗಿತು. 1947ರಿಂದ ಭದ್ರಾ ಅಣೆಕಟ್ಟಿನ ಕೆಲಸಕ್ಕೆಂದು ಲಕ್ಕವಳ್ಳಿಗೆ ಬಂದ ಸಾವಿರಾರು ಕೂಲಿಕಾರರು ಅದೇ ಕಾಡಂಚಿನಲ್ಲಿ ಬಿಡಾರ ಹೂಡಿ, ಹೆಂಡತಿ ಮಕ್ಕಳೊಡನೆ ವರ್ಷಗಟ್ಟಲೆ ಬಾಳಿದರು.