ಗ್ವೆನ್‌ಳನ್ನು ಕೊಂದದ್ದು ಯಾರು, ಮೇರಿ ಜೇನ್‌ಳನ್ನು ಬೆಳೆಸಿದ್ದು ಯಾರು

2014ರ 'ದಿ ಅಮೇಜಿಂಗ್ ಸ್ಪೈಡರ್‌ಮ್ಯಾನ್ 2' ಚಿತ್ರದ ಕೊನೆಯ ಭಾಗದಲ್ಲಿ ಗಡಿಯಾರದ ಗೋಪುರವೊಂದರ ಒಳಗೆ ಗ್ವೆನ್ ಸ್ಟೇಸಿ ಬೀಳುತ್ತಾಳೆ. ಬಲೆಯ ಎಳೆ ಅವಳನ್ನು ಹಿಡಿಯುತ್ತದೆ, ಆದರೆ ಅವಳು ಬದುಕುವುದಿಲ್ಲ. ಆ ಹೊತ್ತಿಗೆ ಗಡಿಯಾರ ನಿಲ್ಲುವುದು 1 ಗಂಟೆ 21 ನಿಮಿಷಕ್ಕೆ. ಕಾಮಿಕ್ಸ್ ಓದಿ ಬೆಳೆದವರಿಗೆ ಅದು ಹೊತ್ತು ತೋರಿಸುವ ಅಂಕಿಯಾಗಿ ಕಾಣಿಸಲಿಲ್ಲ. ಅದು ಸಂಚಿಕೆಯ ಸಂಖ್ಯೆ: 'ದಿ ಅಮೇಜಿಂಗ್ ಸ್ಪೈಡರ್‌ಮ್ಯಾನ್', 121. ನಾನು ಹಿಡಿದು ಹೊರಟ ದಾರಿ ಅದೇ.

121ನೆಯ ಸಂಚಿಕೆಯ ಮೇಲಿರುವ ತಿಂಗಳು ಜೂನ್ 1973, ಬೆಲೆ 20 ಸೆಂಟ್. ಕಥೆ ಗೆರಿ ಕಾನ್ವೇ ಅವರದು. ಪೆನ್ಸಿಲ್ ಚಿತ್ರ ಗಿಲ್ ಕೇನ್, ಅದರ ಮೇಲೆ ಶಾಯಿ ಜಾನ್ ರೊಮಿಟಾ, ಸಂಪಾದಕ ರಾಯ್ ಥಾಮಸ್. ಖಳ ಗ್ರೀನ್ ಗಾಬ್ಲಿನ್ ಗ್ವೆನ್‌ಳನ್ನು ಎತ್ತಿಕೊಂಡು ಹೋಗಿ ಸೇತುವೆಯ ಗೋಪುರದ ಮೇಲಿಟ್ಟು, ಅಲ್ಲಿಂದ ಕೆಳಕ್ಕೆ ಕೆಡವುತ್ತಾನೆ. ಸ್ಪೈಡರ್‌ಮ್ಯಾನ್ ಬಲೆ ಬೀಸುತ್ತಾನೆ. ಎಳೆ ಅವಳ ಕಾಲಿಗೆ ಸುತ್ತಿಕೊಂಡು ದೇಹ ಗಕ್ಕನೆ ನಿಲ್ಲುತ್ತದೆ. ಆ ಚೌಕಟ್ಟಿನಲ್ಲಿ ಅವಳ ಕತ್ತಿನ ಪಕ್ಕ ಚಿಕ್ಕ ಅಕ್ಷರಗಳಲ್ಲಿ ಒಂದು ಸದ್ದು: 'ಸ್ನ್ಯಾಪ್'. ಮೇಲಕ್ಕೆ ಎಳೆದುಕೊಂಡಾಗ ಅವಳಲ್ಲಿ ಉಸಿರಿಲ್ಲ. ಕೆಡವಿದವನು ಕೊಂದನೋ, ಉಳಿಸಲು ಹೋದ ಪ್ರೇಮಿಯ ಬಲೆಯೇ ಕೊಂದಿತೋ? ಐದು ದಶಕಗಳಿಂದ ಅಭಿಮಾನಿಗಳು ವಾದಿಸುತ್ತಿರುವುದು ಈ ಪ್ರಶ್ನೆಯ ಸುತ್ತಲೇ.

ಸಂಚಿಕೆಯೊಳಗಿನ ಸಾಕ್ಷ್ಯವೇ ಎರಡು ದಿಕ್ಕಿಗೆ ಎಳೆಯುತ್ತದೆ. ಇಷ್ಟು ಎತ್ತರದಿಂದ ಬಿದ್ದವರು ನೆಲ ಮುಟ್ಟುವ ಮೊದಲೇ ಸಾಯುತ್ತಾರೆ ಎಂದು ಗಾಬ್ಲಿನ್ ಹೇಳುತ್ತಾನೆ. ಅದು ನಿಜವಾಗಿದ್ದರೆ ವಿಮಾನದಿಂದ ಹಾರುವವರು ಪ್ಯಾರಾಚೂಟ್ ಬಿಚ್ಚುವವರೆಗೂ ಬದುಕಿರುತ್ತಿರಲಿಲ್ಲ. ಸೇತುವೆಯ ಗುರುತಿನಲ್ಲೂ ಗೊಂದಲವಿದೆ. ಬರಹ ಜಾರ್ಜ್ ವಾಷಿಂಗ್ಟನ್ ಸೇತುವೆ ಎನ್ನುತ್ತದೆ, ಚಿತ್ರದಲ್ಲಿರುವುದು ಬ್ರೂಕ್ಲಿನ್ ಸೇತುವೆಯನ್ನು ಹೋಲುವ ಕಲ್ಲಿನ ಗೋಪುರ. ಮೊದಲನೆಯದರ ಉಕ್ಕಿನ ಗೋಪುರಗಳು ನೀರಿನಿಂದ ಸುಮಾರು 184 ಮೀಟರ್ ಎತ್ತರ, ಎರಡನೆಯದರವು ಸುಮಾರು 84 ಮೀಟರ್. ಬೀಳುವವಳ ವೇಗ ಲೆಕ್ಕ ಹಾಕುವವರಿಗೆ ಇದು ಸಣ್ಣ ವ್ಯತ್ಯಾಸವೇನಲ್ಲ.

ಲೆಕ್ಕ ಹಾಕಿದವರೂ ಇದ್ದಾರೆ. ಮಿನೆಸೋಟ ವಿಶ್ವವಿದ್ಯಾಲಯದ ಭೌತಶಾಸ್ತ್ರಜ್ಞ ಜೇಮ್ಸ್ ಕಕಾಲಿಯೊಸ್ ಕಾಮಿಕ್ಸ್ ಮುಂದಿಟ್ಟುಕೊಂಡು ವಿದ್ಯಾರ್ಥಿಗಳಿಗೆ ಭೌತಶಾಸ್ತ್ರ ಕಲಿಸಿದವರು. 2005ರ 'ದಿ ಫಿಸಿಕ್ಸ್ ಆಫ್ ಸೂಪರ್‌ಹೀರೋಸ್' ಪುಸ್ತಕದಲ್ಲಿ ಅವರು ಗ್ವೆನ್‌ಳ ಸಾವನ್ನು ನ್ಯೂಟನ್ನನ ನಿಯಮಗಳಿಂದ ಬಿಡಿಸಿ ತೋರಿಸಿದ್ದಾರೆ. ಮುನ್ನೂರು ಅಡಿ ಬಿದ್ದರೆ ವೇಗ ಗಂಟೆಗೆ 150 ಕಿಲೋಮೀಟರಿನ ಆಸುಪಾಸು. ಅದನ್ನು ಅರ್ಧ ಸೆಕೆಂಡಿನಲ್ಲಿ ನಿಲ್ಲಿಸಿದರೆ ದೇಹಕ್ಕೆ ತಗಲುವ ಎಳೆತ ಅದರ ತೂಕದ ಹತ್ತು ಪಟ್ಟಿನಷ್ಟು. ಬೀಳುವುದು ಕೊಲ್ಲುವುದಿಲ್ಲ, ಹಠಾತ್ತನೆ ನಿಲ್ಲುವುದು ಕೊಲ್ಲುತ್ತದೆ. ವಿಜ್ಞಾನ ಬಲೆಯ ಕಡೆಗೆ ಬೆರಳು ತೋರಿಸಿತು.

ಪ್ರಕಾಶಕರು ಏನಂದರು? ನನ್ನ ಹುಡುಕಾಟ ಮೊದಲು ತಡೆದು ನಿಂತದ್ದು ಇಲ್ಲಿ. ಈ ಕಥೆ ಎಷ್ಟೋ ಸಲ ಸಂಕಲನಗಳಲ್ಲಿ ಮರುಮುದ್ರಣವಾಗಿದೆ, ಎಲ್ಲೆಡೆ ಸಿಗುತ್ತದೆ. ಆದರೆ ಸಂಕಲನಗಳು ಸಾಮಾನ್ಯವಾಗಿ ಕಥೆಯನ್ನಷ್ಟೇ ಉಳಿಸಿಕೊಂಡು ಓದುಗರ ಪತ್ರಗಳ ಪುಟವನ್ನು ಬಿಟ್ಟುಬಿಡುತ್ತವೆ. ಇದು ನನಗೆ ತೀರ ಬೇಸರ ತಂದ ಸಂಗತಿ. ನಮ್ಮ ವಾರಪತ್ರಿಕೆಗಳ ಧಾರಾವಾಹಿಗಳದೂ ಇದೇ ಕಥೆ: ಕಾದಂಬರಿ ಪುಸ್ತಕವಾಗಿ ಉಳಿಯುತ್ತದೆ, ನಾಯಕಿಗೆ ಹೀಗೇಕೆ ಮಾಡಿದಿರಿ ಎಂದು ವಾರವಾರವೂ ಬರೆದ ಓದುಗರ ದನಿ ರದ್ದಿಗೆ ಹೋಗುತ್ತದೆ. ಪುಣ್ಯಕ್ಕೆ 2004ರಲ್ಲಿ ನಲವತ್ತು ವರ್ಷದ ಸ್ಪೈಡರ್‌ಮ್ಯಾನ್ ಸಂಚಿಕೆಗಳನ್ನು ರಟ್ಟಿನಿಂದ ರಟ್ಟಿಗೆ ಸ್ಕ್ಯಾನ್ ಮಾಡಿದ ಸಿಡಿಗಳ ಸಂಗ್ರಹವೊಂದು ಹೊರಬಂದಿತ್ತು. ಜಾಹೀರಾತುಗಳ ಜೊತೆಗೆ ಪತ್ರಗಳ ಪುಟವೂ ಅದರಲ್ಲಿತ್ತು. ಆ ಪುಟಕ್ಕೆ 'ದಿ ಸ್ಪೈಡರ್ಸ್ ವೆಬ್' ಎಂದು ಹೆಸರು.

121ರ ಬಗೆಗಿನ ಪತ್ರಗಳನ್ನು 122ರಲ್ಲಿ ಹುಡುಕಿದರೆ ಸಿಗುವುದಿಲ್ಲ. ಆ ಕಾಲದ ಅಮೆರಿಕದ ಕಾಮಿಕ್ಸ್ ಅಂಗಡಿಗೆ ಬರುತ್ತಿದ್ದದ್ದು ಮುಖಪುಟದ ತಿಂಗಳಿಗಿಂತ ಎರಡು ಮೂರು ತಿಂಗಳು ಮುಂಚೆ. ಓದುಗ ಕೊಂಡು, ಓದಿ, ಅಂಚೆಗೆ ಹಾಕಿ, ಕಚೇರಿಯಲ್ಲಿ ಆರಿಸಿ, ಅಚ್ಚಿಗೆ ಕೊಡುವಷ್ಟರಲ್ಲಿ ನಾಲ್ಕು ಸಂಚಿಕೆ ದಾಟಿರುತ್ತವೆ. ಗ್ವೆನ್‌ಳ ಸಾವಿನ ಉತ್ತರ ಇದ್ದದ್ದು 125ರಲ್ಲಿ, ಅಕ್ಟೋಬರ್ 1973ರ ಸಂಚಿಕೆಯಲ್ಲಿ. ರಾಯ್ ಥಾಮಸ್ ಅವರದೆಂದು ಹೇಳಲಾಗುವ ಆ ಉತ್ತರದ ಸಾರ ಇಷ್ಟು: ಬಲೆ ಅವಳನ್ನು ಅಷ್ಟು ಥಟ್ಟನೆ ನಿಲ್ಲಿಸಿದಾಗ ಕತ್ತಿಗೆ ಬಿದ್ದ ಏಟೇ ಅವಳನ್ನು ಕೊಂದಿತು. ಪೀಟರ್, ಅಂದರೆ ಮುಖವಾಡದ ಹಿಂದಿನ ಸ್ಪೈಡರ್‌ಮ್ಯಾನ್, ಸಮಯಕ್ಕೆ ಸರಿಯಾಗಿ ಜಿಗಿದು ತಲುಪಲಾರ. ಸುಮ್ಮನಿದ್ದಿದ್ದರೂ ಅವಳು ಸಾಯುತ್ತಿದ್ದಳು. ಪಾರಾಗುವ ದಾರಿ ಇರಲೇ ಇಲ್ಲ.

ಒಂದು ಕಥೆಯ ಅತಿ ಕಠಿಣ ಸತ್ಯ ಕಥೆಯೊಳಗೆ ಬಾರದೆ, ಓದುಗರಿಗೆ ಕೊಟ್ಟ ಉತ್ತರದಲ್ಲಿ ಬಂದಿತ್ತು. ಓದುಗರು ಕೇಳದೇ ಹೋಗಿದ್ದರೆ ಆ ವಾಕ್ಯಗಳು ಅಚ್ಚಾಗುತ್ತಲೇ ಇರಲಿಲ್ಲ.

ಇದಾದ ಮೇಲೆ ನಾನು ಕೊಲೆಯ ತನಿಖೆ ಬಿಟ್ಟು, ಕೊಲ್ಲಲು ತೀರ್ಮಾನಿಸಿದವರು ಯಾರೆಂದು ನೋಡತೊಡಗಿದೆ. ಸ್ಪೈಡರ್‌ಮ್ಯಾನ್‌ನ ಸೃಷ್ಟಿಕರ್ತರಲ್ಲೊಬ್ಬರಾದ ಸ್ಟ್ಯಾನ್ ಲೀ 110ನೆಯ ಸಂಚಿಕೆಗೆ ಬರವಣಿಗೆ ನಿಲ್ಲಿಸಿ ಪ್ರಕಾಶಕರ ಕುರ್ಚಿಗೆ ಹೋಗಿದ್ದರು. 111ರಿಂದ ಹೊಣೆ ಹೊತ್ತ ಕಾನ್ವೇಗೆ ಆಗ ಹತ್ತೊಂಬತ್ತು ವರ್ಷ. ತಾವು ಈ ಸಾವಿಗೆ ಒಪ್ಪಿರಲಿಲ್ಲ ಎಂಬ ಧಾಟಿಯಲ್ಲಿ ಲೀ ಮುಂದೆ ನೆನಪಿಸಿಕೊಂಡರು. ಅವರಿಗೆ ಗೊತ್ತಿತ್ತು ಎಂದು ಕಾನ್ವೇ ಮತ್ತು ರೊಮಿಟಾ ಹೇಳಿದರು. ಈ ತಕರಾರಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ರೊಮಿಟಾ ಅವರ ಇನ್ನೊಂದು ನೆನಪು. ಮೊದಲು ಮಾತಿಗೆ ಬಂದದ್ದು ಪೀಟರ್‌ನನ್ನು ಸಾಕಿದ ಅತ್ತೆ ಮೇ ಅವರ ಸಾವು. ಗ್ವೆನ್ ಆದರೆ ಓದುಗರ ಎದೆಗೆ ನಾಟುತ್ತದೆ ಎಂದು ಸೂಚಿಸಿದವರು ರೊಮಿಟಾ. ಅದಕ್ಕೆ ಅವರು ಕೊಟ್ಟ ಕಾರಣ, ಹುಡುಗನಾಗಿದ್ದಾಗ ದಿನಪತ್ರಿಕೆಯಲ್ಲಿ ಓದಿದ ಮಿಲ್ಟನ್ ಕ್ಯಾನಿಫ್ ಅವರ 'ಟೆರಿ ಅಂಡ್ ದ ಪೈರೇಟ್ಸ್'. 1941ರ ಅಕ್ಟೋಬರಿನಲ್ಲಿ ಅದರ ರೇವನ್ ಶೆರ್ಮನ್ ಎಂಬ ಪಾತ್ರ ಸತ್ತಾಗ ಅಮೆರಿಕದ ಓದುಗರು ಕ್ಯಾನಿಫ್‌ಗೆ ಸಂತಾಪದ ಪತ್ರಗಳನ್ನು ಕಳಿಸಿದ್ದರು. 1930ರ ಜನವರಿಯಲ್ಲಿ ಹುಟ್ಟಿದ ರೊಮಿಟಾಗೆ ಆಗ ಹನ್ನೊಂದು ವರ್ಷ. ಆ ಹುಡುಗನ ಮನಸ್ಸಿಗೆ ಬಿದ್ದ ಪೆಟ್ಟು ಮೂವತ್ತೆರಡು ವರ್ಷದ ನಂತರ ಬೇರೊಂದು ಪುಟದಲ್ಲಿ ಮೂಡಿತು.

ಉಳಿದಿಬ್ಬರ ಬೆನ್ನು ಹತ್ತಿದರೆ ಅದೇ ಜಾಡು. ರಾಯ್ ಥಾಮಸ್ ಮಿಸೌರಿಯಲ್ಲಿ ಇಂಗ್ಲಿಷ್ ಮೇಷ್ಟರಾಗಿದ್ದವರು. 1961ರಲ್ಲಿ ಜೆರ್ರಿ ಬೇಲ್ಸ್ ಶುರುಮಾಡಿದ 'ಆಲ್ಟರ್ ಈಗೋ' ಎಂಬ ಅಭಿಮಾನಿ ಪತ್ರಿಕೆಯಲ್ಲಿ ಬರೆಯುತ್ತಿದ್ದರು, 'ಫೆಂಟಾಸ್ಟಿಕ್ ಫೋರ್' ಸಂಪಾದಕರಿಗೆ ಪತ್ರ ಹಾಕುತ್ತಿದ್ದರು, 1965ರಲ್ಲಿ ಸ್ಪೈಡರ್‌ಮ್ಯಾನ್‌ನ ಪ್ರಕಾಶಕರಾದ ಮಾರ್ವೆಲ್ ಸೇರಿದರು. ಕಾನ್ವೇ ಬ್ರೂಕ್ಲಿನ್ನಿನ ಹುಡುಗ. 1966ರ ಮೇ ತಿಂಗಳ 'ಫೆಂಟಾಸ್ಟಿಕ್ ಫೋರ್' 50ನೆಯ ಸಂಚಿಕೆಯ ಪತ್ರಗಳ ಪುಟದಲ್ಲಿ ಅವರ ಹೆಸರಿದೆ. ಗ್ವೆನ್‌ಳ ಸಾವನ್ನು ಸೂಚಿಸಿದವರು, ಬರೆದವರು, ಅದಕ್ಕೆ ಉತ್ತರ ಕೊಟ್ಟವರು, ಮೂವರೂ ಓದುಗರಾಗಿ ಬೆಳೆದು ಒಳಗೆ ಬಂದವರು. ಅಭಿಮಾನಿಗಳು ಒಂದು ಕಡೆ, ಸೃಷ್ಟಿಕರ್ತರು ಇನ್ನೊಂದು ಕಡೆ ಎಂದು ಗೆರೆ ಎಳೆದು ನೋಡಿದರೆ ಈ ಪಾತ್ರಗಳು ಹೇಗೆ ಬೆಳೆದವೆಂಬುದು ತಿಳಿಯುವುದೇ ಇಲ್ಲ.

ಹಾಗಾದರೆ ಅವರು ಗ್ವೆನ್‌ಳಲ್ಲಿ ಕಂಡ ಕೊರತೆ ಏನು? ಪೀಟರ್ ಮತ್ತು ಗ್ವೆನ್ ಸಂಬಂಧಕ್ಕೆ ಮದುವೆ ಬಿಟ್ಟರೆ ಬೇರೆ ದಾರಿ ಉಳಿದಿರಲಿಲ್ಲ, ತಮಗೆ ಪೀಟರ್‌ನ ಇನ್ನೊಬ್ಬ ಗೆಳತಿ ಮೇರಿ ಜೇನ್ ಹೆಚ್ಚು ಜೀವಂತವಾಗಿ ಕಂಡಳು ಎಂದು ಕಾನ್ವೇ ಹೇಳಿದ್ದಾರೆ. ಹಳೆಯ ಸಂಚಿಕೆ ತಿರುವಿದಾಗ ನನಗೆ ಕಂಡದ್ದು ಇನ್ನೂ ಆಳದ ಬಿರುಕು. ನವೆಂಬರ್ 1970ರ 90ನೆಯ ಸಂಚಿಕೆಯಲ್ಲಿ ಗ್ವೆನ್‌ಳ ತಂದೆ, ನಿವೃತ್ತ ಪೊಲೀಸ್ ಕ್ಯಾಪ್ಟನ್ ಜಾರ್ಜ್ ಸ್ಟೇಸಿ, ಉರುಳಿ ಬೀಳುತ್ತಿದ್ದ ಅವಶೇಷದಡಿಯಿಂದ ಮಗುವೊಂದನ್ನು ತಳ್ಳಿ ಉಳಿಸಿ ತಾನು ಸಿಕ್ಕಿಹಾಕಿಕೊಳ್ಳುತ್ತಾನೆ. ಸಾಯುವ ಮುಂಚೆ ಸ್ಪೈಡರ್‌ಮ್ಯಾನ್‌ನನ್ನು 'ಪೀಟರ್' ಎಂದು ಕರೆದು ಮಗಳನ್ನು ಒಪ್ಪಿಸುತ್ತಾನೆ. ತಂದೆಗೆ ಗುಟ್ಟು ಗೊತ್ತಿತ್ತು, ಮಗಳಿಗೆ ಇರಲಿಲ್ಲ. ತಂದೆಯ ಸಾವಿಗೆ ಸ್ಪೈಡರ್‌ಮ್ಯಾನೇ ಕಾರಣವೆಂದು ಅವಳು ನಂಬಿದಳು, ಪೀಟರ್‌ನನ್ನು ಪ್ರೀತಿಸುತ್ತಲೇ ಇದ್ದಳು, ಇಬ್ಬರೂ ಒಬ್ಬನೇ ಎಂದು ತಿಳಿಯದೆ ಸತ್ತಳು. ಎದುರಿಗಿರುವವನು ಯಾರೆಂದೇ ಗೊತ್ತಿಲ್ಲದ ಹೆಣ್ಣಿಗೆ ಕಥೆ ಬೆಳೆಯಲು ಜಾಗ ಕೊಡುವುದು ಕಷ್ಟ. 1999ರಲ್ಲಿ ಗೇಲ್ ಸಿಮೋನ್ ಎಂಬ ಓದುಗಿ, ನಾಯಕನಿಗೆ ನೋವು ಕೊಡಲೆಂದೇ ಬಲಿಯಾದ ಕಾಮಿಕ್ಸ್ ಹೆಣ್ಣುಗಳ ಪಟ್ಟಿಯೊಂದನ್ನು ಮಾಡಿದರು. ಆ ಪಟ್ಟಿ ಎತ್ತಿದ ಪ್ರಶ್ನೆ ಗ್ವೆನ್‌ಳಿಗೂ ಸಲ್ಲುತ್ತದೆ. ಮುಂದೆ ಸಿಮೋನ್ ಕೂಡ ಒಳಗೆ ಬಂದರು, 'ವಂಡರ್ ವುಮನ್' ಬರೆದರು.

ನಿಜವಾದ ಬೆಳವಣಿಗೆಯ ದಾಖಲೆ ಇರುವುದು 122ರ ಕೊನೆಯ ಪುಟದಲ್ಲಿ. ಎಲ್ಲರೂ 121ರ ಸದ್ದಿನ ಬಗ್ಗೆ ಮಾತಾಡುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ಇಲ್ಲಿನ ಸದ್ದು. ಗಾಬ್ಲಿನ್ ಸತ್ತಿದ್ದಾನೆ, ಪೀಟರ್ ಮನೆಗೆ ಬರುತ್ತಾನೆ. ಅಲ್ಲಿ ಮೇರಿ ಜೇನ್ ಇದ್ದಾಳೆ. ಈಕೆಯನ್ನು ಓದುಗರು ಅರಿತದ್ದು ಪಕ್ಕದ ಮನೆಯ ವಾಟ್ಸನ್ ಬಳಗದ ಹುಡುಗಿಯಾಗಿ. ಅತ್ತೆ ಮೇ ಪೀಟರ್‌ಗೆ ತೋರಿಸಬೇಕೆಂದು ಸಂಚಿಕೆಗಟ್ಟಲೆ ಒದ್ದಾಡಿದ ಹೆಣ್ಣು ಇವಳು, ಓದುಗರಿಗೆ ಮುಖ ಕಾಣಿಸಿದ್ದು 1966ರ 42ನೆಯ ಸಂಚಿಕೆಯಲ್ಲಿ. ಪಾರ್ಟಿ, ಕುಣಿತ, ನಗು, ಯಾವುದಕ್ಕೂ ಅಂಟಿಕೊಳ್ಳದ ಸ್ವಭಾವ. ದುಃಖದಲ್ಲಿ ಕುದಿಯುತ್ತಿದ್ದ ಪೀಟರ್ ಅವಳ ಮೇಲೆ ಎಗರಿ ಬೀಳುತ್ತಾನೆ, ನಿನ್ನ ತಾಯಿ ಸತ್ತರೂ ನಿನಗೆ ಬೇಸರವಾಗಲಿಕ್ಕಿಲ್ಲ ಎನ್ನುವಷ್ಟು ಕ್ರೂರವಾಗಿ. ಅವಳು ಬಾಗಿಲವರೆಗೆ ನಡೆಯುತ್ತಾಳೆ. ತೆರೆದ ಬಾಗಿಲಲ್ಲಿ ನಿಲ್ಲುತ್ತಾಳೆ. ಬಾಗಿಲು 'ಕ್ಲಿಕ್' ಎಂದು ಮುಚ್ಚಿಕೊಳ್ಳುತ್ತದೆ, ಮೇರಿ ಜೇನ್ ಒಳಗೇ ಇದ್ದಾಳೆ.

ಆ ಪುಟದಿಂದ 1984ರ ಡಿಸೆಂಬರಿನ 259ನೆಯ ಸಂಚಿಕೆಗೆ ಬಂದಾಗ ನನಗೆ ಆದ ರೋಮಾಂಚನ ಮರೆಯಲಾರೆ. ಟಾಮ್ ಡಿಫಾಲ್ಕೊ ಬರೆದು ರಾನ್ ಫ್ರೆಂಜ್ ಚಿತ್ರಿಸಿದ ಆ ಸಂಚಿಕೆಯಲ್ಲಿ ಮೇರಿ ಜೇನ್ ಮೊದಲ ಸಲ ತನ್ನ ಮನೆಯ ಕಥೆ ಹೇಳುತ್ತಾಳೆ: ಸಿಡುಕಿ ಮನೆಮಂದಿಯ ಮೇಲೆ ಕೈ ಮಾಡುತ್ತಿದ್ದ ತಂದೆ, ಮಕ್ಕಳನ್ನು ಕಟ್ಟಿಕೊಂಡು ಹೊರಟ ತಾಯಿ, ಗಂಡ ಬಿಟ್ಟುಹೋದ ಅಕ್ಕ ಗೇಲ್, ತೀರಿಕೊಂಡ ತಾಯಿ, ಅಕ್ಕನ ಕೈಬಿಟ್ಟು ನ್ಯೂಯಾರ್ಕಿಗೆ ಓಡಿಬಂದ ತಾನು. ಈಗ ಹಿಂತಿರುಗಿ 122ರ ಮಾತನ್ನು ಓದಿ. ಪೀಟರ್ ಬಾಯಿಗೆ ಬಂದಂತೆ ಎಸೆದ ಮಾತು ಅವಳ ಹಸಿ ಗಾಯಕ್ಕೇ ಬಿದ್ದಿತ್ತು, ಆದರೂ ಅವಳು ಹೊರಗೆ ಹೋಗಲಿಲ್ಲ. 1973ರಲ್ಲಿ ಆ ಸಾಲು ಬರೆದ ಕಾನ್ವೇ ಇದನ್ನೆಲ್ಲ ಯೋಜಿಸಿರಲಿಲ್ಲ. ಹನ್ನೊಂದು ವರ್ಷದ ನಂತರ ಬಂದವರು ಹಳೆಯ ಪುಟದಲ್ಲಿ ಬಿಟ್ಟ ಜಾಗ ಗುರುತಿಸಿ ಅಲ್ಲಿಗೊಂದು ಬದುಕು ತುಂಬಿದರು. 257ರಲ್ಲಿ ಆಕೆ ಪೀಟರ್‌ನ ಗುಟ್ಟು ತನಗೆ ಮೊದಲಿನಿಂದ ಗೊತ್ತು ಎಂದೂ ಹೇಳಿಬಿಟ್ಟಿದ್ದಳು. ಗ್ವೆನ್ ತಿಳಿಯದೆ ಪ್ರೀತಿಸಿದಳು, ಮೇರಿ ಜೇನ್ ತಿಳಿದೂ ನಕ್ಕಳು. ಓಡುವ ಸ್ವಭಾವದವಳು ನಿಲ್ಲಲು ಕಲಿತಳು. 1989ರ 'ಪ್ಯಾರಲಲ್ ಲೈವ್ಸ್' ಕೃತಿಯಲ್ಲಿ ಕಾನ್ವೇ ತಾವೇ ಮರಳಿ ಬಂದು, ಪೀಟರ್‌ನ ಅಂಕಲ್ ಬೆನ್ ಸತ್ತ ರಾತ್ರಿಯೇ ಮೇರಿ ಜೇನ್‌ಗೆ ಆ ಗುಟ್ಟು ತಿಳಿದಿತ್ತೆಂದು ಬರೆದರು.

1987ರಲ್ಲಿ ಇಬ್ಬರ ಮದುವೆಯಾಯಿತು. ಆ ವರ್ಷದ ಜೂನ್ 5ರಂದು ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ವೇಷ ತೊಟ್ಟ ನಟರಿಗೆ ಸ್ಟ್ಯಾನ್ ಲೀ ಅವರೇ ನಿಂತು ಮದುವೆ ಮಾಡಿಸಿದರು. ಇಪ್ಪತ್ತು ವರ್ಷದ ನಂತರ, 2007ರ 'ಒನ್ ಮೋರ್ ಡೇ' ಕಥೆಯಲ್ಲಿ ಆ ದಾಂಪತ್ಯವನ್ನು ಮಾಯೆಯಿಂದ ಅಳಿಸಿಹಾಕಲಾಯಿತು. ಓದುಗರ ಸಿಟ್ಟು ಇಂದಿಗೂ ಆರಿಲ್ಲ, ಮತ್ತು ಅದು ನ್ಯಾಯವಾದ ಸಿಟ್ಟು ಎಂದೇ ನನ್ನ ಅಭಿಪ್ರಾಯ. ಸಾವನ್ನು ಅವರು ಕೊನೆಗೂ ಒಪ್ಪಿದರು, ಏಕೆಂದರೆ ಅದರಿಂದ ಇಬ್ಬರು ಬೆಳೆದರು. ಬೆಳೆದದ್ದನ್ನೇ ಕಿತ್ತುಕೊಂಡದ್ದನ್ನು ಒಪ್ಪಲಿಲ್ಲ.

ಈಚಿನ ಚಿತ್ರಗಳಲ್ಲಿ ಆ ಹಳೆಯ ಪತ್ರಗಳ ಪುಟ ಮತ್ತೆ ಮಾತಾಡುತ್ತದೆ. ಸಮಯಕ್ಕೆ ಜಿಗಿಯಲಾರ ಎಂದು 1973ರಲ್ಲಿ ಬರೆದಿದ್ದರಲ್ಲ, 2021ರ 'ನೋ ವೇ ಹೋಮ್' ಚಿತ್ರದಲ್ಲಿ, 2014ರ ಚಿತ್ರದಲ್ಲಿ ಗ್ವೆನ್‌ಳನ್ನು ಕಳೆದುಕೊಂಡ ಅದೇ ಪೀಟರ್ ಬೀಳುತ್ತಿರುವ ಇನ್ನೊಬ್ಬ ಹುಡುಗಿಯ ಹಿಂದೆ ತಾನೇ ಧುಮುಕಿ ತೋಳಿನಲ್ಲಿ ಹಿಡಿಯುತ್ತಾನೆ. 2023ರ 'ಅಕ್ರಾಸ್ ದ ಸ್ಪೈಡರ್‌ವರ್ಸ್' 90ನೆಯ ಸಂಚಿಕೆಯ ಸಾವನ್ನೇ ಒಂದು ವಿಧಿಯಂತೆ ಇಟ್ಟು ಪ್ರಶ್ನಿಸುತ್ತದೆ: ಪ್ರತಿ ಸ್ಪೈಡರ್‌ಮ್ಯಾನ್‌ನ ಬಾಳಿನಲ್ಲೂ ಹತ್ತಿರದ ಪೊಲೀಸ್ ಅಧಿಕಾರಿಯೊಬ್ಬ ಸಾಯಲೇಬೇಕಂತೆ. 2004ರಲ್ಲಿ ಶರದ್ ದೇವರಾಜನ್, ಸುರೇಶ್ ಸೀತಾರಾಮನ್, ಜೀವನ್ ಕಾಂಗ್ ಸೇರಿ ರೂಪಿಸಿದ ಭಾರತದ ಸ್ಪೈಡರ್‌ಮ್ಯಾನ್ ಪವಿತ್ರ್ ಪ್ರಭಾಕರ್ ಈ ಚಿತ್ರದಲ್ಲಿದ್ದಾನೆ. ಅವನ ಗೆಳತಿ ಗಾಯತ್ರಿಯ ತಂದೆ ಇನ್‌ಸ್ಪೆಕ್ಟರ್ ಸಿಂಗ್ ಸಾಯಬೇಕಾಗಿದ್ದವರು, ಮೈಲ್ಸ್ ಎಂಬ ಹುಡುಗ ನಡುವೆ ನುಗ್ಗಿ ಉಳಿಸುತ್ತಾನೆ. ಅದೇ ಚಿತ್ರದಲ್ಲಿ ಜೇಡ ಕಚ್ಚಿದ್ದು ಗ್ವೆನ್‌ಳಿಗೆ, 2014ರಲ್ಲಿ ಜೇಸನ್ ಲಾಟೋರ್ ಮತ್ತು ರಾಬಿ ರೊಡ್ರಿಗಸ್ ಕಟ್ಟಿದ ಗ್ವೆನ್. ಅವಳು ತಂದೆ ಜಾರ್ಜ್ ಸ್ಟೇಸಿಯ ಮುಂದೆ ಮುಖವಾಡ ತೆಗೆಯುತ್ತಾಳೆ. ಆತ ಮೊದಲು ಮಗಳನ್ನೇ ಬಂಧಿಸಲು ಮುಂದಾಗುತ್ತಾನೆ. ಅವಳು ಮತ್ತೆ ಮನೆಗೆ ಬಂದಾಗ, ತಾನು ಪೊಲೀಸ್ ಕೆಲಸ ಬಿಟ್ಟೆನೆಂದು ಹೇಳುತ್ತಾನೆ.