ಸ್ಥಿತಿಸ್ಥಾಪಕವೂ ವೇಗವೂ: ಘಟ್ಟದ ಮೇಲಿನ ವಾಹನಗಳ ವಿಚಾರ

ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ಸೀಮೆಗಳೂ ಸಹ್ಯಾದ್ರಿಯ ಮೇಲಣ ನಾಡಿನಲ್ಲಿರುವುವು. ಇಲ್ಲಿಂದ ಕರಾವಳಿಗೆ ಇಳಿಯಬೇಕಾದರೆ ದೇವಿಮನೆ, ದೊಡ್ಡಮನೆ, ಅರೆಬೈಲು ಮೊದಲಾದ ಘಟ್ಟಗಳನ್ನು ದಾಟದೆ ವಿಧಿಯಿಲ್ಲ. ಇಂತಹ ದಾರಿಗಳಲ್ಲಿ ವಾಹನದ ಗುಣವು ಅದನ್ನು ಎಳೆಯುವ ಶಕ್ತಿಯಲ್ಲಿ ಮಾತ್ರವಲ್ಲ, ಗಾಲಿಗೂ ಒಡಲಿಗೂ ನಡುವಣ ಅಂಗದಲ್ಲಿಯೂ ಇದೆ. ಆ ಅಂಗದ ಚರಿತ್ರೆಯನ್ನು ಎತ್ತಿನ ಗಾಡಿಯಿಂದ ಹಿಡಿದು, ಇಂದು ಕಾರುಗಳನ್ನು ವೇಗಕ್ಕಾಗಿ ಹದಗೊಳಿಸುವವರು ‘ಕಾಯಿಲ್‌ಓವರ್’ ಎಂದು ಕರೆಯುವ ಉಪಕರಣದವರೆಗೆ ಪರಿಶೀಲಿಸತಕ್ಕುದಾಗಿದೆ.

ಶುಲ್ಬಸೂತ್ರಗಳಲ್ಲಿ ರಥದ ಮಾನವು ಸ್ಪಷ್ಟವಾಗಿದೆ: ಈಷೆ ೧೮೮ ಅಂಗುಲ, ಅಕ್ಷ ೧೦೪, ಯುಗ ೮೬. ಕೌಟಿಲ್ಯನು ರಥಾಧ್ಯಕ್ಷನ ಪ್ರಕರಣದಲ್ಲಿ ದೇವರಥ, ಪುಷ್ಯರಥ, ಸಾಂಗ್ರಾಮಿಕ ಮೊದಲಾದ ಭೇದಗಳನ್ನು ಎಣಿಸುತ್ತಾನೆ. ಈ ಮೂರು ಮಾನಗಳು ನಮ್ಮ ಗಾಡಿಯ ಮೂಕಿ, ಅಚ್ಚು, ನೊಗಗಳಿಗೆ ಸಲ್ಲುವುವು. ಅಮರಸಿಂಹನು ಹೇಳುವ ಅಚ್ಚಿನ ತುದಿಯ ಕೀಲಾದ ‘ಅಣಿ’ಯು ಕನ್ನಡದ ‘ಕಡಾಣಿ’ಯಲ್ಲಿ ಇಂದಿಗೂ ಕೇಳಿಸುತ್ತದೆ, ಯಾವುದು ಯಾವುದರಿಂದ ಬಂದಿತೆಂಬ ವಿವಾದವು ಇಲ್ಲಿ ಬೇಡ. ಆದರೆ ಅಚ್ಚಿಗೂ ಪೀಠಕ್ಕೂ ನಡುವೆ ಬಾಗಿ ಮರಳುವ ಅಂಗವೊಂದರ ಮಾತು ಆ ಮಾನಗಳಲ್ಲಿಲ್ಲ. ಎತ್ತಿನ ಗಾಡಿಯಲ್ಲಿಯೂ ಒಡಲು ಅಚ್ಚಿನ ಮೇಲೆಯೇ ಕುಳಿತಿರುತ್ತದೆ. ಶಿರಸಿಯ ಮಾರಿಕಾಂಬೆಯ ತೇರಿನಲ್ಲಿಯೂ ಹಾಗೆಯೇ. ನಡೆ ಮಂದವಾದುದರಿಂದ ಕೊರತೆಯು ತೋರಲಿಲ್ಲ. ವೇಗವು ಹೆಚ್ಚಿದಂತೆ ತೋರಿತು.

ಪಾಠಶಾಲೆಗಳಲ್ಲಿ ತರ್ಕವನ್ನು ಆರಂಭಿಸುವ ವಿದ್ಯಾರ್ಥಿಯು ಅನ್ನಂಭಟ್ಟನ ತರ್ಕಸಂಗ್ರಹದಲ್ಲಿ ಸಂಸ್ಕಾರವು ಮೂರು ಬಗೆಯೆಂದು ಓದುತ್ತಾನೆ: ವೇಗ, ಭಾವನೆ, ಸ್ಥಿತಿಸ್ಥಾಪಕ. ಬೇರೆ ರೀತಿಯಾಗಿ ಮಾಡಲ್ಪಟ್ಟ ವಸ್ತುವನ್ನು ಮರಳಿ ಮೊದಲಿನ ಸ್ಥಿತಿಗೆ ತರುವುದು ಸ್ಥಿತಿಸ್ಥಾಪಕ. ಪ್ರಶಸ್ತಪಾದನು ಇದಕ್ಕೆ ಬಿಲ್ಲು, ಕೊಂಬೆ, ಕೊಂಬು, ದಂತಗಳನ್ನು ಉದಾಹರಿಸುತ್ತಾನೆ. ಇದರಿಂದ ಪ್ರಾಚೀನರು ಸ್ಪ್ರಿಂಗಿನ ವಾಹನವನ್ನು ಬಲ್ಲವರಾಗಿದ್ದರೆಂದು ಸಾಧಿಸಹೊರಡುವುದು ಸಾಹಸವೇ ಸರಿ. ಆದರೆ ವೇಗವೂ ಸ್ಥಿತಿಸ್ಥಾಪಕವೂ ಬೇರೆ ಬೇರೆ ಎಂಬ ಅವರ ವಿಭಾಗವು ಪ್ರಕೃತ ವಿಷಯಕ್ಕೆ ಬಹಳ ಉಪಕಾರಕವಾಗಿದೆ. ಬಗ್ಗಿದ ಕೊಂಬೆಯನ್ನು ಬಿಟ್ಟರೆ ಅದು ಒಮ್ಮೆಲೇ ನಿಲ್ಲದೆ ಆಚೀಚೆ ತೂಗುತ್ತದೆ. ಮರಳಿ ತರುವುದು ಒಂದು ಕಾರ್ಯ, ತೂಗಾಟವನ್ನು ಅಡಗಿಸುವುದು ಇನ್ನೊಂದು.

ಯೂರೋಪಿನಲ್ಲಿ ಈ ಎರಡು ಕಾರ್ಯಗಳಿಗೆ ಎರಡು ಅಂಗಗಳು ಒದಗಿದುದು ಬಹು ನಿಧಾನವಾಗಿ. ಎಳೆತವು ಬಲಕ್ಕೆ ಅನುಪಾತವಾಗಿರುವುದೆಂದು ರಾಬರ್ಟ್ ಹುಕ್ಕನು ೧೬೭೮ರಲ್ಲಿ ಪ್ರಕಟಿಸಿದನು. ಒಬದಾಯ ಎಲಿಯಟ್ಟನು ಕುದುರೆಗಾಡಿಯ ಪಟ್ಟಿಕಮಾನಿಗೆ ಹಕ್ಕುಪತ್ರ ಪಡೆದುದು ೧೮೦೪ರಲ್ಲಿ. ಪಟ್ಟಿಗಳು ಒಂದನ್ನೊಂದು ಉಜ್ಜುವುದರಿಂದ ತೂಗಾಟವು ಸ್ವಲ್ಪಮಟ್ಟಿಗೆ ತಾನೇ ಅಡಗುತ್ತಿತ್ತು. ಉಕ್ಕಿನ ಸುರುಳಿಯಲ್ಲಿ ಆ ಉಜ್ಜುವಿಕೆ ಇಲ್ಲ. ಆದಕಾರಣ ಅದಕ್ಕೆ ಎಣ್ಣೆಯ ಶಾಕ್ ಅಬ್ಸಾರ್ಬರು ಅನಿವಾರ್ಯವಾಯಿತು. ಅರ್ಲ್ ಮ್ಯಾಕ್‌ಫರ್ಸನ್ನನು ರೂಪಿಸಿದ, ಎರಡನ್ನೂ ಒಂದೇ ಕಂಬದಲ್ಲಿ ಕೂಡಿಸುವ ಕ್ರಮವು ೧೯೫೦ರ ಫೋರ್ಡ್ ಕಾನ್ಸಲ್ ಕಾರಿನಲ್ಲಿ ಬಂದಿತು. ಅಂಬಾಸಡರಿನ ಹಿಂಬದಿಯಲ್ಲಿ ಇದ್ದುದು ಪಟ್ಟಿಕಮಾನು. ೧೯೮೩ರಲ್ಲಿ ಬಂದ ಮಾರುತಿ ೮೦೦ರ ಮುಂಬದಿಯಲ್ಲಿ ಆ ಕಂಬವಿತ್ತು.

ಕಾಯಿಲ್‌ಓವರ್ ಎಂಬುದು ಇದರದೇ ಮುಂದಿನ ರೂಪ. ಶಾಕ್ ಅಬ್ಸಾರ್ಬರಿನ ಸುತ್ತ ಸುರುಳಿ. ಸುರುಳಿಯು ಕೂರುವ ಬಟ್ಟಲನ್ನು ಮರೆಯ ಮೇಲೆ ತಿರುಗಿಸಿ ಏರಿಸಬಹುದು, ಇಳಿಸಬಹುದು. ಇಲ್ಲಿಯೇ ಭ್ರಾಂತಿಯೂ ಹುಟ್ಟಿದೆ. ಗಟ್ಟಿಯಾದಷ್ಟೂ ತಗ್ಗಾದಷ್ಟೂ ಕಾರು ಉತ್ತಮವೆಂದು ಅನೇಕರು ನಂಬುತ್ತಾರೆ. ಗಾಲಿಯೊಂದರ ಭಾರ ೩೦೦ ಕಿಲೋ ಎಂದೂ ಅದು ನೇರವಾಗಿ ಸುರುಳಿಯ ಮೇಲೆ ಬೀಳುವುದೆಂದೂ ಇಟ್ಟುಕೊಳ್ಳೋಣ. ಮಿಲಿಮೀಟರಿಗೆ ೩ ಕಿಲೋ ಹೊರುವ ಸುರುಳಿಯು ೧೦೦ ಮಿಲಿಮೀಟರು ಕುಗ್ಗಿ ನಿಲ್ಲುತ್ತದೆ. ೬ ಕಿಲೋ ಹೊರುವುದು ೫೦ ಮಾತ್ರ. ಮೊದಲನೆಯದರ ಮೇಲೆ ಒಡಲು ಸೆಕೆಂಡಿಗೆ ಸುಮಾರು ಒಂದೂವರೆ ಸಲ ತೂಗಿದರೆ, ಎರಡನೆಯದರ ಮೇಲೆ ಎರಡೂಕಾಲು ಸಲ. ಸಮನಾದ ಪಂದ್ಯದ ಹಾದಿಯಲ್ಲಿ ಇದು ಗುಣವೇ. ಆದರೆ ಮುಂಗಾರಿನಲ್ಲಿ ಕಿತ್ತುಹೋದ ಘಟ್ಟದ ತಿರುವಿನಲ್ಲಿ ಗಾಲಿಯು ಗುಂಡಿಯೊಳಕ್ಕೆ ಇಳಿದು ನೆಲವನ್ನು ಹಿಡಿಯಬೇಕು. ಗಟ್ಟಿ ಸುರುಳಿಗೆ ಚಾಚಲು ಉಳಿದಿರುವುದು ಆ ೫೦ ಮಿಲಿಮೀಟರೇ. ಅದು ಮುಗಿದ ಮೇಲೆ ಗಾಲಿಯು ಗಾಳಿಯಲ್ಲಿ. ತಿರುಗುಚಕ್ರವು ಕೈಯಲ್ಲಿದ್ದೂ ಇಲ್ಲದಂತೆಯೇ.

ಆದುದರಿಂದ ಆಯುವಾಗ ಮೊದಲು ನೋಡತಕ್ಕುದು ಗಾಲಿಯ ಚಲನಾವಕಾಶವನ್ನು. ಬಟ್ಟಲೊಂದನ್ನೇ ಇಳಿಸಿ ಕಾರನ್ನು ತಗ್ಗಿಸುವ ಬಗೆಯಲ್ಲಿ, ದಂಡವು ತಳ ಮುಟ್ಟುವ ಮೊದಲು ಉಳಿಯುವ ಎಡೆಯು ಕಡಮೆಯಾಗುತ್ತದೆ. ಕೆಳಗಣ ಹಿಡಿಕೆಯನ್ನೂ ಮರೆಯ ಮೇಲೆ ಸರಿಸಬಲ್ಲ ಬಗೆಯಲ್ಲಿ ಎತ್ತರವನ್ನು ಬೇರೆ, ಸುರುಳಿಯ ಮೊದಲೊತ್ತಡವನ್ನು ಬೇರೆ ಹೊಂದಿಸಬಹುದು. ಬೆಲೆ ಹೆಚ್ಚಾದರೂ ಈ ಸೀಮೆಗೆ ತಕ್ಕುದು ಅದೇ.

ಹದಗೊಳಿಸುವುದು ಸುರುಳಿಯ ಆಯ್ಕೆಗಿಂತ ಸೂಕ್ಷ್ಮ. ತೂಗಾಟವನ್ನು ನಿಲ್ಲಿಸಲು ಸುರುಳಿಯನ್ನು ಗಟ್ಟಿಮಾಡುವವನು ವೇಗದ ದೋಷಕ್ಕೆ ಸ್ಥಿತಿಸ್ಥಾಪಕವನ್ನು ದಂಡಿಸಿದಂತೆ. ಗುಂಡಿಯನ್ನು ದಾಟಿದ ಒಡಲು ಎರಡು ಮೂರು ಸಲ ಏಳುತ್ತ ಬೀಳುತ್ತ ಹೋದರೆ ಶಾಕ್ ಅಬ್ಸಾರ್ಬರಿನ ಮರಳುವ ಕಡೆಯ ತಡೆಯು ಸಾಲದು. ಸಾಲುಸಾಲಾದ ಉಬ್ಬುಗಳ ಮೇಲೆ ಕಾರು ಬರಬರುತ್ತ ಕುಸಿದು ಕಠಿಣವಾದರೆ ಆ ತಡೆಯು ಅತಿಯಾಗಿದೆ. ಸುರುಳಿಯು ಮರಳುವ ಮೊದಲೇ ಮುಂದಿನ ಉಬ್ಬು ಬಂದಿರುತ್ತದೆ. ಅತಿ ಮೃದುವಾದ ಹದದಿಂದ ಆರಂಭಿಸಿ, ಒಂದೇ ರಸ್ತೆಯಲ್ಲಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ ಬರೆದಿಟ್ಟುಕೊಳ್ಳಬೇಕು. ಎತ್ತರವನ್ನು ಬದಲಿಸಿದಾಗಲೆಲ್ಲ ಗಾಲಿಗಳ ಓರೆಯನ್ನೂ ಮರಳಿ ಅಳೆಯಿಸಬೇಕು. ಇಲ್ಲವಾದರೆ ಟಯರು ಒಂದೇ ಪಕ್ಕಕ್ಕೆ ಸವೆಯುತ್ತದೆ.

ಕೊಳ್ಳುವ ಮೊದಲು ವಿಚಾರಿಸತಕ್ಕುದು ಇನ್ನೊಂದಿದೆ. ೧೯೮೮ರ ಮೋಟಾರು ವಾಹನಗಳ ಅಧಿನಿಯಮದ ೫೨ನೆಯ ಕಲಮಿನಂತೆ, ನೋಂದಣಿಪತ್ರದ ವಿವರಗಳು ತಯಾರಕನ ಮೂಲ ನಿರ್ದೇಶನಕ್ಕೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. ಸರ್ವೋಚ್ಚ ನ್ಯಾಯಾಲಯವೂ ೨೦೧೯ರಲ್ಲಿ ಇದನ್ನು ಎತ್ತಿಹಿಡಿದಿದೆ. ಸುರುಳಿ ಬದಲಾವಣೆಯು ಆ ವಿವರಗಳನ್ನು ಮುಟ್ಟುವುದೋ ಇಲ್ಲವೋ ಎಂಬುದನ್ನು ಸಾರಿಗೆ ಕಚೇರಿಯಲ್ಲಿ ಕೇಳಿ, ಉತ್ತರವನ್ನು ಬರೆಹದಲ್ಲಿ ಪಡೆದುಕೊಳ್ಳುವುದು ಲೇಸು.